ಲಿನಕ್ಸ್ ಕೈಕೊಟ್ಟಾಗ ಡಿಸ್ಟ್ರೋದ ಸ್ವಂತ ಫೋರಂಗೇ ಹೋಗಬೇಕೇ?

ಪರ: ಆ ಮನೆಯ ಕೀಲಿಕೈ ಆ ಮನೆಯವರ ಬಳಿ

ಲಿನಕ್ಸ್ ಹಲವು ಸಿದ್ಧ ರೂಪಗಳಲ್ಲಿ ಸಿಗುತ್ತದೆ, ಒಂದೊಂದೂ ಒಂದೊಂದು ಡಿಸ್ಟ್ರೋ. ಅಣ್ಣನ ಮಗಳು ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಡಿಸ್ಟ್ರೋ ಹಾಕಿಕೊಂಡಳು. ವೈಫೈ ಒಂದು ಬಿಟ್ಟು ಎಲ್ಲವೂ ಸರಿಯಾಗಿತ್ತು. ಒಳಗಿದ್ದದ್ದು ಬ್ರಾಡ್‌ಕಾಮ್‌ನ ಬಿಸಿಎಂ43142 ಚಿಪ್. ಎಲ್ಲ ಬಗೆಯ ಲಿನಕ್ಸ್ ಬಳಕೆದಾರರೂ ಸೇರುವ ಒಂದು ದೊಡ್ಡ ಫೋರಂನಲ್ಲಿ ಕೇಳಿದಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ‘ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್’ ಎಂಬ ಪ್ಯಾಕೇಜ್ (ತಂತ್ರಾಂಶದ ಸಿದ್ಧ ಕಟ್ಟು) ಹಾಕಿ ಎಂದು. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಅವರ ಯಂತ್ರದಲ್ಲಿ ಅದು ಕೆಲಸವನ್ನೂ ಮಾಡಿತ್ತು. ಆದರೆ ಅದು ಉಬುಂಟು ಎಂಬ ಬೇರೆ ಡಿಸ್ಟ್ರೋದ ಪ್ಯಾಕೇಜ್. ಡೆಬಿಯನ್‌ನಲ್ಲಿ ಚಿಪ್ ನಡೆಸುವ ಅದೇ ಡ್ರೈವರಿಗೆ ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಎಂದು ಹೆಸರು. ಮುಕ್ತವಲ್ಲದ ತಂತ್ರಾಂಶಗಳನ್ನಿಡುವ ನಾನ್-ಫ್ರೀ ವಿಭಾಗವನ್ನು ತೆರೆದ ಮೇಲಷ್ಟೇ ಅದು ಸಿಗುತ್ತದೆ. ಆರ್ಚ್ ಎಂಬ ಡಿಸ್ಟ್ರೋದಲ್ಲಿ ಇನ್ನೊಂದು ಹೆಸರು. ಫೆಡೋರಾದವರು ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ತರಬೇಕು.

ಹೇಳಿದ ಹೆಸರಿನ ಪ್ಯಾಕೇಜ್ ಸಿಗದೆ ಹುಡುಗಿ ಏನು ಮಾಡಿದಳೆಂದರೆ, ಫೋನಿಗೆ ಯುಎಸ್‌ಬಿ ತಂತಿ ಹಾಕಿ ಇಂಟರ್ನೆಟ್ ಪಡೆದು, ಯಂತ್ರ ಪ್ಯಾಕೇಜ್‌ಗಳನ್ನು ತರಿಸಿಕೊಳ್ಳುವ ಭಂಡಾರಗಳ ಪಟ್ಟಿಗೆ ಉಬುಂಟು ಭಂಡಾರದ ಸಾಲನ್ನೇ ಸೇರಿಸಿಬಿಟ್ಟಳು. ವೈಫೈ ಬಂತು. ಮುಂದಿನ ವಾರದ ಅಪ್‌ಗ್ರೇಡಿನಲ್ಲಿ ಉಬುಂಟುವಿನ ಲೈಬ್ರರಿಗಳು ಡೆಬಿಯನ್ನಿನವುಗಳ ಜಾಗಕ್ಕೆ ಬಂದು ಕೂತವು. ಡೆಸ್ಕ್‌ಟಾಪ್ ಮೇಲೇಳಲೇ ಇಲ್ಲ. ಪರೀಕ್ಷೆಗೆ ನಾಲ್ಕು ದಿನ ಇತ್ತು. ರಾತ್ರಿ ಕೂತು ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಮೊದಲಿನಿಂದ ಹೊಸದಾಗಿ ಹಾಕಿಕೊಟ್ಟೆ.

ಹೀಗೆ ಬೆರಕೆಯಾದ ವ್ಯವಸ್ಥೆಗೆ ಡೆಬಿಯನ್ ಬಳಗದಲ್ಲಿ ‘ಫ್ರಾಂಕನ್‌ಡೆಬಿಯನ್’ ಎಂಬ ಹೆಸರೇ ಇದೆ. ಬೇರೆ ಡಿಸ್ಟ್ರೋದ ಭಂಡಾರ ಬೆರೆಸಬೇಡಿ ಎಂದು ತಿಳಿಹೇಳುವ ಪುಟವೊಂದು ಅವರ ವಿಕಿಯಲ್ಲಿದೆ. ಎಷ್ಟೋ ಜನ ಹೀಗೇ ಕೈಸುಟ್ಟುಕೊಂಡದ್ದನ್ನು ಕಂಡವರು ಬರೆದ ಪುಟ ಅದು. ಅವರ ನಡುವೆ ಕೇಳಿದ್ದರೆ ಸರಿಯಾದ ಹೆಸರೂ ಸಿಗುತ್ತಿತ್ತು, ಈ ಎಚ್ಚರಿಕೆಯೂ ಸಿಗುತ್ತಿತ್ತು.

ಆರ್ಚ್ ಲಿನಕ್ಸ್‌ನ ಫೋರಂ ತನ್ನಿಂದಲೇ ಹುಟ್ಟಿದ ಮಂಜಾರೋದ ಪ್ರಶ್ನೆಗಳನ್ನೂ ತೆಗೆದುಕೊಳ್ಳುವುದಿಲ್ಲ. ಅದನ್ನು ಜಂಬ ಎನ್ನುವವರಿದ್ದಾರೆ. ನನಗೆ ಅದು ಪ್ರಾಮಾಣಿಕತೆಯಾಗಿ ಕಾಣುತ್ತದೆ. ಮಂಜಾರೋ ಆರ್ಚ್‌ನ ಪ್ಯಾಕೇಜ್‌ಗಳನ್ನು ತನ್ನ ಶಾಖೆಗಳಲ್ಲಿ ಕೆಲಕಾಲ ತಡೆಹಿಡಿದು ಆಮೇಲೆ ಬಿಡುತ್ತದೆ. ಹಾಗಾಗಿ ಇವತ್ತು ಆರ್ಚ್‌ನಲ್ಲಿ ಫಲಿಸಿದ ಪರಿಹಾರ ಅಲ್ಲಿ ತಿರುಗುಬಾಣವಾಗಬಹುದು. ಕಾಣದ ಯಂತ್ರದ ಬಗ್ಗೆ ಊಹಿಸಿ ಹೇಳುವುದಕ್ಕಿಂತ ‘ಇದು ನಮಗೆ ಗೊತ್ತಿಲ್ಲ, ನಿಮ್ಮವರನ್ನೇ ಕೇಳಿ’ ಎನ್ನುವುದು ಎಷ್ಟೋ ಮೇಲು. ಜೊತೆಗೆ, ಡಿಸ್ಟ್ರೋದ ಸ್ವಂತ ಜಾಗಗಳಲ್ಲಿ ಪ್ಯಾಕೇಜ್ ಕಟ್ಟುವವರೂ ಕಣ್ಣಾಡಿಸುತ್ತಿರುತ್ತಾರೆ. ಅಲ್ಲಿ ಬರೆದ ದೂರು ದೋಷ ತಿದ್ದುವವರ ಮೇಜಿಗೆ ಹತ್ತಿರ.

ವಿರೋಧ: ತೊಡಕು ಯಾರದೆಂದು ಗೊತ್ತಿದ್ದರೆ ಕೇಳುವುದೇಕೆ?

ಡಿಸ್ಟ್ರೋದ ಫೋರಂಗೇ ಹೋಗಿ ಎನ್ನುವವರು, ತೊಡಕು ಡಿಸ್ಟ್ರೋದ್ದೇ ಎಂಬುದು ಕೇಳುವವನಿಗೆ ಮೊದಲೇ ತಿಳಿದಿದೆ ಎಂದುಕೊಂಡಿರುತ್ತಾರೆ. ನನಗಂತೂ ತಿಳಿದಿರಲಿಲ್ಲ.

ಲಿನಕ್ಸಿಗೆ ಬಂದ ಹೊಸತರಲ್ಲಿ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಕಡತಗಳ ಪಟ್ಟಿ ನೋಡಿದೆ. ‘ಅಜ್ಜಿಯ ಪತ್ರ’ ಎಂಬ ಕಡತದ ಹೆಸರಿನಲ್ಲಿ ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದವು. ಅದೇ ಹೆಸರು ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಗುಬ್ಬಿ ಫಾಂಟ್ ಹಾಕಿದೆ, ಲೋಹಿತ್ ಹಾಕಿದೆ, ಏನೂ ಬದಲಾಗಲಿಲ್ಲ. ನನ್ನ ಡಿಸ್ಟ್ರೋದ ಫೋರಂನಲ್ಲಿ ಕೇಳಿದೆ. ಒಂದು ವಾರ ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿ ಕನ್ನಡ ಓದುವವನು ನಾನೊಬ್ಬನೇ ಇದ್ದಿರಬೇಕು.

ಕೊನೆಗೆ ಎಲ್ಲರೂ ಸೇರುವ ಫೋರಂನಲ್ಲಿ ಕೇಳಿದಾಗ ಉತ್ತರಿಸಿದ್ದು ಬೇರೆಯದೇ ಡಿಸ್ಟ್ರೋ ಬಳಸುವ ಒಬ್ಬ ಮಲಯಾಳಿ. ಬಹುತೇಕ ಟರ್ಮಿನಲ್‌ಗಳು ಪರದೆಯನ್ನು ಒಂದೇ ಅಗಲದ ಚೌಕಗಳಾಗಿ ಹಂಚಿ, ಅಕ್ಷರಗಳನ್ನು ಆ ಚೌಕಗಳಲ್ಲಿ ಕೂರಿಸುತ್ತಾ ಹೋಗುತ್ತವೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳು ಹಾಗಲ್ಲ. ಅವು ಪದವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಕೊಟ್ಟು, ಒತ್ತು, ಗುಣಿತಗಳನ್ನು ಕೂಡಿಸಿ ಬರೆಸುತ್ತವೆ. ತನ್ನ ಮಲಯಾಳದ ಪಾಡೂ ಇದೇ ಎಂದು ಆತ ಚಿತ್ರವನ್ನೂ ಹಾಕಿದ್ದ. ಎರಡು ಲಿಪಿ, ಎರಡು ಡಿಸ್ಟ್ರೋ, ಒಂದೇ ಕಾಯಿಲೆ. ನನ್ನ ಡಿಸ್ಟ್ರೋದ ಕೋಣೆಯೊಳಗೇ ಕೂತಿದ್ದರೆ ಇನ್ನೂ ಫಾಂಟ್ ಬದಲಿಸುತ್ತಲೇ ಇರುತ್ತಿದ್ದೆ.

ಕನ್ನಡದಲ್ಲಿ ಲಿನಕ್ಸ್ ಬಳಸುವವರು ಮೊದಲೇ ಕಡಿಮೆ. ಅವರನ್ನು ಹತ್ತು ಡಿಸ್ಟ್ರೋಗಳಿಗೆ ಹಂಚಿದರೆ ಒಂದೊಂದು ಕಡೆ ಒಬ್ಬೊಬ್ಬರು ಉಳಿಯುತ್ತಾರೆ. ಪರದೆಯ ಚಿತ್ರಣ ನಿಭಾಯಿಸುವ ವೇಲ್ಯಾಂಡ್ ಮೇಲೆ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಬಳಸುವಾಗ, ಐಬಸ್ ಎಂಬ ಟೈಪಿಂಗ್ ತಂತ್ರಾಂಶದಿಂದ ಕನ್ನಡ ಮೂಡಬೇಕಾದರೆ ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಪುಟದಲ್ಲಿ ಅದನ್ನು ಆರಿಸಬೇಕು. ಕುಬುಂಟುವಿನವರಿಗೂ ಓಪನ್‌ಸುಸೆಯವರಿಗೂ ಇದೇ ಉತ್ತರ; ಎರಡು ಕಡೆ ಇಬ್ಬರು ಬೇರೆಬೇರೆಯಾಗಿ ತಲೆ ಚಚ್ಚಿಕೊಳ್ಳಬೇಕೇ?

ಪ್ಯಾಕೇಜುಗಳ ಹೆಸರು ಬೇರೆಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಚಿಪ್ ಯಾವುದೆಂದು ತೋರಿಸುವ ‘ಎಲ್‌ಎಸ್‌ಪಿಸಿಐ’ ಆಜ್ಞೆ ಎಲ್ಲ ಕಡೆ ಒಂದೇ. 2011ರಲ್ಲಿ ಫೆಡೋರಾ, 2015ರಲ್ಲಿ ಡೆಬಿಯನ್ ಮತ್ತು ಉಬುಂಟು, ಯಂತ್ರದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಗೆ ಬದಲಾದ ಮೇಲೆ ಯಂತ್ರದ ದಾಖಲೆ ಓದುವ ‘ಜರ್ನಲ್‌ಸಿಟಿಎಲ್’ ಕೂಡ ಬಹುತೇಕ ಕಡೆ ಒಂದೇ. ರೋಗ ಪತ್ತೆಗೆ ಇಷ್ಟು ಸಾಕು. ಡಿಸ್ಟ್ರೋ ಮತ್ತು ಅದರ ಆವೃತ್ತಿಯನ್ನು ಪ್ರಶ್ನೆಯ ಮೊದಲ ಸಾಲಿನಲ್ಲೇ ಬರೆಯುವ, ಬರೆಯದಿದ್ದರೆ ಉತ್ತರಿಸುವ ಮೊದಲು ಕೇಳುವ ಅಭ್ಯಾಸವಿದ್ದರೆ ತಪ್ಪು ಪ್ಯಾಕೇಜಿನ ಅನಾಹುತವೂ ತಪ್ಪುತ್ತದೆ.

ಲಿನಕ್ಸ್ ಹುಟ್ಟಿದ್ದೂ ಪರರ ಅಂಗಳದಲ್ಲೇ. 1991ರ ಆಗಸ್ಟ್ 25ರಂದು ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಕೆಲಸದ ಸುದ್ದಿ ಹೇಳಿದ್ದು ಮಿನಿಕ್ಸ್ ಎಂಬ ಬೇರೊಂದು ಕಾರ್ಯವ್ಯವಸ್ಥೆಯ ಬಳಕೆದಾರರ ಗುಂಪಿನಲ್ಲಿ, ಯೂಸ್‌ನೆಟ್ ಎಂಬ ಆಗಿನ ಚರ್ಚಾಜಾಲದಲ್ಲಿ. ಮರುವರ್ಷ ಲಿನಕ್ಸಿಗೆ ಸ್ವಂತ ಗುಂಪು ಬಂತು, ನಿಜ. ಆದರೆ ಮೊದಲ ಓದುಗರು ಸಿಕ್ಕಿದ್ದು ಆ ಬೇರೆಯವರ ನಡುವೆ. ಇಂದಿಗೂ ಬದುಕಿರುವ ಡಿಸ್ಟ್ರೋಗಳಲ್ಲಿ ಅತಿ ಹಳೆಯದಾದ ಸ್ಲ್ಯಾಕ್‌ವೇರ್ ತನ್ನ ಅಧಿಕೃತ ಫೋರಂಗೆ ಬೇರೆ ಮನೆ ಕಟ್ಟಿಕೊಂಡಿಲ್ಲ. ಎಲ್ಲ ಡಿಸ್ಟ್ರೋದವರೂ ಬರುವ ಲಿನಕ್ಸ್‌ಕ್ವೆಶ್ಚನ್ಸ್‌ನಲ್ಲಿ ಅದಕ್ಕೊಂದು ಕೋಣೆಯಿದೆ, ಅದರ ನಿರ್ಮಾತೃ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅಲ್ಲಿಗೇ ಬಂದು ಬರೆಯುತ್ತಾರೆ. ಪಕ್ಕದ ಕೋಣೆಯ ಡೆಬಿಯನ್ ಬಳಕೆದಾರರೂ ಅದನ್ನು ಓದಬಹುದು.