ಗುಂಡಿ ಉದ್ಭವಿಸುತ್ತದೆ, ಪ್ರಶ್ನೆ ಉದ್ಭವಿಸುವುದಿಲ್ಲ

ಮೊನ್ನೆ ಜೋರು ಮಳೆಗೆ ನಾನು ಮತ್ತು ನಮ್ಮ ಮಾವ ಮಂಗಳೂರಿನ ಕಂಕನಾಡಿಯ ಒಂದು ಹೋಟೆಲಿನಲ್ಲಿ ಸಿಕ್ಕಿಬಿದ್ದೆವು. ಪಂಪ್‌ವೆಲ್‌ನಲ್ಲಿ ನೀರು ನಿಂತಿದೆ, ಈಗ ಆ ಕಡೆ ಹೋಗಬೇಡಿ ಅಂತ ಬಸ್ಸಿನವರೇ ಹೇಳಿದರು. ಅಲ್ಲಿಯ ಫ್ಲೈಓವರ್ ಮುಗಿಯುವಷ್ಟರಲ್ಲಿ ಎಷ್ಟು ಜೋಕು ಹುಟ್ಟಿದವು ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. 2020ರ ಜನವರಿ ಕೊನೆಗೆ ಅದು ತೆರೆದಾಗ ಜೋಕು ಬರೆಯುವವರಿಗೇ ಜಾಸ್ತಿ ಬೇಜಾರಾಗಿರಬೇಕು. ಈಗ ಮೇಲೆ ಲಾರಿ ಓಡುತ್ತದೆ, ಮಳೆ ಬಂದರೆ ಕೆಳಗೆ ದೋಣಿ ಬಿಡಬಹುದು.

"ಇದನ್ನು ಪಾರ್ಲಿಮೆಂಟಿನಲ್ಲಿ ಕೇಳಿಸ್ಬೇಕು ಮಾರಾಯ" ಅಂದರು ಮಾವ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಆಡಿಟಿನವರ ಪ್ರಶ್ನೆಗೆ ಉತ್ತರ ಬರೆದು ಸುಸ್ತಾದವರು. ಪ್ರಶ್ನೆ ಅಂದರೆ ಅವರಿಗೆ ಇನ್ನೂ ಭಯಭಕ್ತಿ. ಗೋಳಿಬಜೆಯ ಎಣ್ಣೆ ಹಿಡಿದ ಕಾಗದವನ್ನೇ ತಿರುಗಿಸಿ ಬರೆಯಲು ಕೂತರು: "ಪ್ರತಿ ಮಳೆಗಾಲದಲ್ಲೂ ನಮಗೆ ಉಚಿತ ಈಜುಕೊಳ ಒದಗಿಸುತ್ತಿರುವ ಮಾನ್ಯ ಸಚಿವರು..."

"ಮಾವ, ನಿಲ್ಲಿ. ವ್ಯಂಗ್ಯ ಮಾಡುವ ಹಾಗಿಲ್ಲ" ಅಂದೆ.

ತಮಾಷೆಗೆ ಹೇಳಿದ್ದಲ್ಲ. ಲೋಕಸಭೆಯ ನಿಯಮ 41ರಲ್ಲಿ ಇದು ಇದೆ. ಪ್ರಶ್ನೆಯಲ್ಲಿ ವಾದ ಇರಬಾರದು, ಆರೋಪ ಇರಬಾರದು, ವ್ಯಂಗ್ಯವೂ ಇರಬಾರದು. ಅಭಿಪ್ರಾಯ ಕೇಳಬಾರದು. ಕ್ಷುಲ್ಲಕ ವಿಷಯ ಕೇಳಬಾರದು, ಹಾಗಂತ ಉತ್ತರದಲ್ಲಿ ಹಿಡಿಸಲಾಗದಷ್ಟು ದೊಡ್ಡ ವಿಷಯವನ್ನೂ ಕೇಳಬಾರದು. ಒಮ್ಮೆ ಉತ್ತರ ಕೊಟ್ಟಾಗಿದ್ದರೆ ಅದನ್ನೇ ಮತ್ತೆ ಕೇಳುವ ಹಾಗಿಲ್ಲ. ಇಷ್ಟೆಲ್ಲ ಕಟ್ಟುಪಾಡು ಕೇಳುವವನಿಗೆ. ಉತ್ತರ ಕೊಡುವವರ ಗತಿ ಏನು? ಇಂಥದ್ದೇ ಉತ್ತರ ಕೊಡಿ ಅಂತ ಮಂತ್ರಿಯನ್ನು ಒತ್ತಾಯಿಸಲು ಸ್ಪೀಕರಿಗೂ ಆಗುವುದಿಲ್ಲ. ಮದುವೆ ಮನೆಯಲ್ಲಿ ಉಣ್ಣುವವರಿಗೆ ನೂರು ಮಡಿ, ಬಡಿಸುವವರು ಚಪ್ಪಲಿ ಹಾಕಿಕೊಂಡೇ ಬಂದ ಹಾಗೆ.

ಆಮೇಲೆ ಲಾಟರಿ. ದಿನಕ್ಕೆ 20 ಪ್ರಶ್ನೆಗೆ ಮಾತ್ರ ಚುಕ್ಕೆ ಗುರುತು, ಅದೂ ಚೀಟಿ ಎತ್ತಿ. ಚುಕ್ಕೆ ಬಿದ್ದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಉಪಪ್ರಶ್ನೆ ಎದುರಿಸಬೇಕು. ಅವರಿಗೆ ಬೆವರು ಬಂದರೆ ಅಲ್ಲೇ ಬರಬೇಕು. ಆದರೆ ಹನ್ನೊಂದಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯುವ ಆ ಒಂದು ಗಂಟೆಯಲ್ಲಿ ಗಲಾಟೆ, ಘೋಷಣೆ, ಮುಂದೂಡಿಕೆ ಎಲ್ಲ ಕಳೆದು ಎಷ್ಟು ಪ್ರಶ್ನೆ ಬಾಯಿಗೆ ಬರುತ್ತದೆ ಅಂತ ಟಿವಿ ನೋಡುವವರಿಗೆ ಗೊತ್ತು. ಉಳಿದ 230 ಚುಕ್ಕೆ ಇಲ್ಲದವು. ಅವಕ್ಕೆ ಕಾಗದದಲ್ಲೇ ಉತ್ತರ, ಕಾಗದಕ್ಕೆ ಬೆವರು ಬರುವುದಿಲ್ಲ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಂತೂ ಕೊರೋನ ಅಂತ ಪ್ರಶ್ನೋತ್ತರ ಅವಧಿಯನ್ನೇ ತೆಗೆದರು, ಕಾಗದದ ಉತ್ತರ ಮಾತ್ರ ಉಳಿಯಿತು. ಮಾತಾಡಿದರೆ ವೈರಸ್ ಹರಡುತ್ತದೆ ಅಲ್ವಾ?

ಮಾವ ಕಾಗದ ಹೊಡೆದುಹಾಕಿ ಹೊಸದಾಗಿ ಬರೆದರು. ಅ) ಪಂಪ್‌ವೆಲ್‌ನಲ್ಲಿ ನೀರು ನಿಲ್ಲುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಇ) ಇಲ್ಲದಿದ್ದಲ್ಲಿ, ಕಾರಣಗಳೇನು?

ಉತ್ತರ ನಾನೇ ಬರೆದುಕೊಟ್ಟೆ. ಅ) ಇಲ್ಲ. ಆ) ಮತ್ತು ಇ) ಉದ್ಭವಿಸುವುದಿಲ್ಲ.

ಎಂಥ ಚೆಂದದ ಶಬ್ದ ನೋಡಿ. ಉಡುಪಿ, ಮಂಗಳೂರು ಕಡೆ ದೇವರೇ ಉದ್ಭವಿಸುತ್ತಾರೆ. ಒಂದು ಮಳೆಗೆ ರಸ್ತೆ ತುಂಬ ಗುಂಡಿ ಉದ್ಭವಿಸುತ್ತದೆ. ಚುನಾವಣೆ ಬಂದರೆ ಗುಂಡಿಯ ಪಕ್ಕದಲ್ಲಿ ಬ್ಯಾನರೂ ಉದ್ಭವಿಸುತ್ತದೆ. ಪ್ರಶ್ನೆಯೊಂದು ಮಾತ್ರ ಇಲ್ಲ.

"ಹಾಗೇನಿಲ್ಲ, ಒಂದು ಕಾಲದಲ್ಲಿ ಮಂತ್ರಿಗಳೇ ಉದುರಿದ್ದಾರೆ" ಅಂದರು ಮಾವ. ಅದು ನಿಜ. ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳಲ್ಲಿ ಎಲ್‌ಐಸಿ ದುಡ್ಡು ಹಾಕಿದ ವಿಷಯ 1957ರಲ್ಲಿ ಲೋಕಸಭೆಗೆ ಬಂತು. ಬಿಗಿಯಾಗಿ ಹಿಡಿದವರು ಫಿರೋಜ್ ಗಾಂಧಿ, ಆಳುವ ಪಕ್ಷದವರೇ, ಪ್ರಧಾನಿಯ ಅಳಿಯನೇ. 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಈಗಿನ ಅಳಿಯಂದಿರ ಬಗ್ಗೆ ನಾನು ಮಾತಾಡುವುದಿಲ್ಲ, ಎದುರಿಗೆ ಮಾವ ಕೂತಿದ್ದರು.

"ಪರಿಶೀಲಿಸುತ್ತೇವೆ ಅಂತ ಹೇಳಿದರೆ?" ಮಾವ ಬಿಡಲಿಲ್ಲ. ಹಾಗಂದರೆ ಅದು ಭರವಸೆ ಅಂತ ಲೆಕ್ಕ, ಮೂರು ತಿಂಗಳಲ್ಲಿ ಈಡೇರಿಸಬೇಕು, ನೋಡಿಕೊಳ್ಳಲು ಒಂದು ಸಮಿತಿಯೇ ಇದೆ. ಆಗದಿದ್ದರೆ ಇಲಾಖೆ ಸಮಿತಿಗೆ ಕಾಗದ ಬರೆದು, ಇನ್ನಷ್ಟು ಸಮಯ ಕೊಡಿ ಇಲ್ಲವಾ ಭರವಸೆಯನ್ನೇ ಕೈಬಿಡಿ ಅಂತ ಕೇಳಬಹುದು. ಮಾವನ ಮುಖ ಸಣ್ಣದಾಯಿತು. ಬ್ಯಾಂಕಿನಲ್ಲಿ ಸಾಲಗಾರರಿಗೆ ಅವರು ಇಷ್ಟು ಸುಲಭದಲ್ಲಿ ಬಿಟ್ಟವರಲ್ಲ.

"ಆಯ್ತು, ಇವತ್ತೇ ಕಳಿಸಿದರೆ ಉತ್ತರ ಯಾವಾಗ?"

"ಕನಿಷ್ಠ ಹದಿನೈದು ದಿನ ಮೊದಲು ನೋಟಿಸ್ ಕೊಡಬೇಕು ಮಾವ."

"ಅಷ್ಟರಲ್ಲಿ ನೀರು ಇಳಿದಿರ್ತದಲ್ಲ!"

"ಇಳಿದಿರ್ತದೆ. ಆಗ ಗಮನಕ್ಕೆ ಬಂದಿಲ್ಲ ಅಂತ ಹೇಳಿದರೂ ಸುಳ್ಳಾಗುವುದಿಲ್ಲ."

"ಬೇಗ ಕೇಳುವ ದಾರಿ ಇಲ್ವಾ?"

ಇದೆ. ಅಲ್ಪಾವಧಿ ಸೂಚನೆಯ ಪ್ರಶ್ನೆ ಅಂತ. ಆದರೆ ಅದಕ್ಕೆ ಉತ್ತರ ಕೊಡಲು ಮಂತ್ರಿಯೇ ಒಪ್ಪಬೇಕು.

ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಪ್ರಶ್ನೆ ಬರೆದ ಕಾಗದದಲ್ಲೇ ಉಳಿದ ಗೋಳಿಬಜೆ ಕಟ್ಟಿಕೊಂಡು ಹೊರಗೆ ಬಂದರು. ಸ್ಕೂಟರಿನ ಸೈಲೆನ್ಸರ್ ಮುಳುಗಿತ್ತು. ಇದು ಮಾವನ ಗಮನಕ್ಕೆ ಬಂತು.