ಪಣಕ್ಕಿಟ್ಟದ್ದು ಯಾರದು?

"ನನ್ನ ದುಡ್ಡು, ನನ್ನ ಇಷ್ಟ. ಕಳ್ಳತನ ಮಾಡಿಲ್ಲ, ಯಾರ ತಲೆನೂ ಒಡೆದಿಲ್ಲ. ಆಡಿದರೆ ತಪ್ಪೇನು?"

ಜೂಜಿನ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಕಷ್ಟಪಡದೆ ಬಂದ ದುಡ್ಡು ದಕ್ಕಲ್ಲ ಅಂತ ಹಿರಿಯರು ಹೇಳುವ ಉತ್ತರ ನನಗಂತೂ ಸಾಲದು. ಅಪ್ಪನಿಂದ ಬಂದ ಸೈಟೂ ಕಷ್ಟಪಡದೆ ಬಂದದ್ದೇ, ಅದು ಎಲ್ಲರಿಗೂ ಚೆನ್ನಾಗಿಯೇ ದಕ್ಕಿದೆ. ಅದೃಷ್ಟ ನಂಬಿ ದುಡ್ಡು ಹಾಕುವುದೇ ತಪ್ಪು ಅಂದರೂ ಒಪ್ಪಲಾರೆ. ಮಳೆ ನಂಬಿ ರಾಗಿ ಬಿತ್ತುವವರ ಊರಿನವಳು ನಾನು.

ನನಗೆ ತೋಚುವ ಉತ್ತರ ಬೇರೆ. ಆ ಮಾತಿನಲ್ಲಿ "ನನ್ನ" ಅನ್ನುವುದು ಎರಡು ಸಲ ಬರುತ್ತದಲ್ಲ, ಅಲ್ಲೇ ಇರುವುದು ಸುಳ್ಳು.

ಮಹಾಭಾರತದ ದ್ಯೂತ ನಮಗೆಲ್ಲ ಗೊತ್ತು. ಧರ್ಮರಾಯ ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಆಮೇಲೆ ದ್ರೌಪದಿಯನ್ನು ಪಣಕ್ಕಿಟ್ಟ. ಕರೆದುಕೊಂಡು ಹೋಗಲು ಬಂದ ದೂತನನ್ನು ದ್ರೌಪದಿ ಒಂದು ಪ್ರಶ್ನೆ ಕೊಟ್ಟು ವಾಪಸ್ ಕಳಿಸುತ್ತಾಳೆ. ಮೊದಲು ಸೋತದ್ದು ಯಾರನ್ನು, ತನ್ನನ್ನೋ ನನ್ನನ್ನೋ, ಕೇಳಿ ಬಾ ಅನ್ನುತ್ತಾಳೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅಂತ. ಇಡೀ ಸಭೆ ಬಾಯಿ ಮುಚ್ಚಿ ಕೂರುತ್ತದೆ. ಭೀಷ್ಮರು ಧರ್ಮ ಸೂಕ್ಷ್ಮ ಅಂತ ಹೇಳಿ ಜಾರಿಕೊಳ್ಳುತ್ತಾರೆ. ಕೌರವರ ಕಡೆಯ ವಿಕರ್ಣನೊಬ್ಬ ಎದ್ದು ಇದು ಅನ್ಯಾಯ ಅನ್ನುತ್ತಾನೆ, ಅಷ್ಟೇ.

ಅದೇ ಮಹಾಭಾರತದ ವನಪರ್ವದಲ್ಲಿ ಇನ್ನೊಬ್ಬ ಜೂಜುಕೋರನೂ ಇದ್ದಾನೆ, ನಳ. ಪುಷ್ಕರನೆದುರು ಕೂತು ರಾಜ್ಯವನ್ನೆಲ್ಲ ಕಳೆದುಕೊಂಡ. ಇನ್ನು ಉಳಿದಿರುವುದು ದಮಯಂತಿ ಮಾತ್ರ, ಇಡು ಅಂದ ಪುಷ್ಕರ. ನಳ ಇಡಲಿಲ್ಲ. ಉಟ್ಟ ಬಟ್ಟೆಯಲ್ಲಿ ಎದ್ದು ಹೊರಟ. ಅವನೂ ಮನೆ ಹಾಳು ಮಾಡಿದವನೇ. ಆದರೂ ಇಬ್ಬರ ನಡುವೆ ಒಂದು ಗೆರೆ ಇದೆ. ಜೂಜು ತಪ್ಪೋ ಸರಿಯೋ ಅನ್ನುವುದನ್ನು ನಾನು ಆ ಗೆರೆಯಲ್ಲಿ ನಿಂತು ನೋಡುತ್ತೇನೆ.

ನಾನು ಇರುವುದು ಮಂಡ್ಯ ಕಡೆ. ಪತ್ತಿನ ಸಹಕಾರ ಸಂಘವೊಂದರಲ್ಲಿ ಚಿನ್ನದ ಸಾಲದ ಕೌಂಟರ್ ನನ್ನದು. ಯುಗಾದಿ, ಮಾರನೇ ದಿನದ ಹೊಸತೊಡಕು ಬಂತೆಂದರೆ ನಮ್ಮ ಕಡೆ ಇಸ್ಪೀಟು ಹೇಗಿರುತ್ತದೆ ಅಂತ ಹಾಸನ, ಮೈಸೂರಿನವರಿಗೂ ಗೊತ್ತು. ತೋಟದ ಮನೆ, ಅರಳಿಕಟ್ಟೆ, ಎಲ್ಲಿ ನೋಡಿದರೂ ಅಂದರ್ ಬಾಹರ್. ಹಬ್ಬ ಕಳೆದ ವಾರ ನಮ್ಮಲ್ಲಿ ಜನ ಜಾಸ್ತಿ. ಎಲ್ಲರೂ ಆ ಕಾರಣಕ್ಕೇ ಒಡವೆ ಇಡುತ್ತಾರೆ ಅಂತಲ್ಲ. ಗೊಬ್ಬರಕ್ಕೆ, ಫೀಸಿಗೆ, ಆಸ್ಪತ್ರೆಗೆ ಇಡುವವರೇ ಹೆಚ್ಚು. ಆದರೆ ಕೆಲವರನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಗಂಡ ಹೊರಗೆ ಬೈಕ್ ಹತ್ತಿರವೇ ನಿಂತಿರುತ್ತಾನೆ, ಒಳಗೆ ಬರುವುದಿಲ್ಲ. ಹೆಂಡತಿ ಬರುತ್ತಾಳೆ. ಗೋಡೆ ಕಡೆ ತಿರುಗಿ ಮಾಂಗಲ್ಯದ ಸರ ಬಿಚ್ಚುತ್ತಾಳೆ. ತಾಳಿ, ಗುಂಡು ಒಂದೊಂದಾಗಿ ಕಳಚಿ ಅರಿಶಿನದ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡು, ಆಮೇಲೆ ಬರೀ ಸರವನ್ನು ತಕ್ಕಡಿಗೆ ಇಡುತ್ತಾಳೆ. ದಾರವನ್ನು ಮನೆಯಲ್ಲೇ ಅರಿಶಿನ ಹಚ್ಚಿ ತಂದಿರುತ್ತಾಳೆ. ಅಪ್ರೈಸರ್ ಒರೆಗಲ್ಲಿಗೆ ಉಜ್ಜಿ ನೋಡುತ್ತಾರೆ, ತೂಕ ಹಾಕುತ್ತಾರೆ. ಸಾಲದ ಉದ್ದೇಶ ಅಂತ ಅರ್ಜಿಯಲ್ಲಿ ಒಂದು ಜಾಗ ಇದೆ. "ಮನೆ ಖರ್ಚು ಅಂತ ಬರೀರಿ" ಅನ್ನುತ್ತಾಳೆ. ಬರೆಯುವವಳು ನಾನೇ.

ಒಬ್ಬರನ್ನು ಕೇಳಿದ್ದೆ, "ಅಕ್ಕ, ಅವರೇ ಒಳಗೆ ಬರಬಾರದಾ?" ಅಂತ. "ಒಡವೆ ನಂದಲ್ವಾ ಮೇಡಂ, ತವರಲ್ಲಿ ಹಾಕಿದ್ದು. ಸಹಿ ನಾನೇ ಹಾಕಬೇಕಲ್ಲ" ಅಂದರು.

ಒಡವೆ ಅವರದು, ಸಹಿ ಅವರದು, ಬಡ್ಡಿ ಕಟ್ಟುವುದೂ ಹಾಲಿನ ಬಟವಾಡೆಯಲ್ಲಿ ಅವರೇ. ಎಲೆ ಹಿಡಿದದ್ದು ಮಾತ್ರ ಅವನು. ಈಗ ಹೇಳಿ, "ನನ್ನ ದುಡ್ಡು" ಅಂದವನ ದುಡ್ಡು ಇದರಲ್ಲಿ ಎಲ್ಲಿದೆ? ಅವನ ಕೈಯಲ್ಲೇ ದುಡಿದ ದುಡ್ಡು ಅಂತಲೇ ಇಟ್ಟುಕೊಳ್ಳೋಣ. ಆ ದುಡ್ಡಿನಲ್ಲಿ ಮಗಳ ಫೀಸು ಇದೆ, ಅಮ್ಮನ ಬಿಪಿ ಮಾತ್ರೆ ಇದೆ. ಅವರಾರೂ ಆಟಕ್ಕೆ ಕೂತಿಲ್ಲ. ಕೇಳಿದರೆ ಒಪ್ಪುತ್ತಲೂ ಇರಲಿಲ್ಲ. ಅದಕ್ಕೇ ಕೇಳುವುದಿಲ್ಲ.

ಇನ್ನು "ನನ್ನ ಇಷ್ಟ" ಅನ್ನುವ ಮಾತು. ಋಗ್ವೇದದ 10ನೇ ಮಂಡಲದ 34ನೇ ಸೂಕ್ತ ಪೂರ್ತಿ ಒಬ್ಬ ಜೂಜುಕೋರನ ಗೋಳು. ಅತ್ತೆಗೆ ಅವನನ್ನು ಕಂಡರಾಗದು, ಹೆಂಡತಿ ದೂರ ಇಟ್ಟಿದ್ದಾಳೆ. ಇವನು ಯಾರೋ ನಮಗೆ ಗೊತ್ತಿಲ್ಲ, ಕಟ್ಟಿ ಎಳೆದುಕೊಂಡು ಹೋಗಿ ಅಂತ ಹೆತ್ತವರೂ ಅಣ್ಣತಮ್ಮಂದಿರೂ ಅನ್ನುತ್ತಾರೆ. ಇನ್ನು ಆಡಲ್ಲ ಅಂದುಕೊಳ್ಳುತ್ತಾನೆ. ದಾಳ ಬಿದ್ದ ಸದ್ದು ಕೇಳಿದರೆ ಮತ್ತೆ ಓಡುತ್ತಾನೆ. ಸಾಲದ ಭಯಕ್ಕೆ ರಾತ್ರಿ ಹೊತ್ತು ಇನ್ನೊಬ್ಬರ ಮನೆ ಕಡೆ ಹೋಗುತ್ತಾನೆ. ಕೊನೆಗೆ ಅವನಿಗೆ ಸವಿತೃದೇವ ಹೇಳುವುದು ಇಷ್ಟೇ: ದಾಳ ಬಿಡು, ಹೊಲ ಉಳು. ಸಾವಿರಾರು ವರ್ಷದ ಹಿಂದಿನ ಈ ಮನುಷ್ಯ ನಮ್ಮ ಬೀದಿಯಲ್ಲಿ ಇಂದೂ ಇದ್ದಾನೆ. ಬೇಡ ಅಂತ ತನಗೇ ಅನ್ನಿಸಿದ ಮೇಲೂ ಕೈ ನಿಲ್ಲದಿದ್ದರೆ ಅದನ್ನು ಇಷ್ಟ ಅನ್ನಲಾಗದು.

ಹಾಗಾಗಿ ಆಡುವವನ ಮೇಲೆ ನನಗೆ ಸಿಟ್ಟಿದ್ದರೂ ಆಡಿಸುವವನ ಮೇಲೆ ಇರುವಷ್ಟು ಇಲ್ಲ. ಹಳ್ಳಿಯ ಓಸಿ ಲೆಕ್ಕವನ್ನೇ ನೋಡಿ. ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ಓಪನ್, ಕ್ಲೋಸ್ ದರದ ಮೇಲೆ ಮುಂಬೈಯಲ್ಲಿ ಶುರುವಾದ ಆಟ ಅದು. ಆಮೇಲೆ ಮಡಕೆಯಿಂದ ಅಂಕಿ ಎತ್ತುವಂತಾಗಿ ಮಟ್ಕಾ ಆಯಿತು. ಇರುವುದು 10 ಅಂಕಿ. ನಿಮ್ಮ ಅಂಕಿ ಬಂದರೆ ರೂಪಾಯಿಗೆ 9 ರೂಪಾಯಿ. ಹತ್ತು ಜನ ಹತ್ತು ಅಂಕಿಗೆ ಒಂದೊಂದು ರೂಪಾಯಿ ಕಟ್ಟಿದರೆ 10 ಬಂತು, 9 ಹೋಯಿತು. ಉಳಿದ ಒಂದು ಆಡಿಸುವವನದು. ಒಂದೊಂದು ದಿನ ಅವನಿಗೂ ಹೊಡೆತ ಬೀಳಬಹುದು, ಆದರೆ ವರ್ಷದ ಲೆಕ್ಕ ಯಾವಾಗಲೂ ಅವನ ಕಡೆಗೇ ವಾಲುತ್ತದೆ. ಇಂದು ಗೆದ್ದವನು ನಾಳೆ ಅದೇ 9ನ್ನು ತಂದು ಕಟ್ಟುತ್ತಾನಲ್ಲ. ಈ ಲೆಕ್ಕ ಆಡಿಸುವವನಿಗೆ ಗೊತ್ತು, ಆಡುವವನಿಗೆ ಗೊತ್ತಿಲ್ಲ. ಯಾರ ಮನೆಗೆ ಬಟವಾಡೆ ಯಾವತ್ತು, ಕಬ್ಬಿನ ದುಡ್ಡು ಯಾವಾಗ ಬಂತು, ಅದೂ ಅವನಿಗೆ ಗೊತ್ತು. ಒಂದು ಚೀಟಿ ಬರೆಸಿ ಎದ್ದು ಹೋಗುವವನಿಂದ ಅವನ ಜೇಬು ತುಂಬುವುದಿಲ್ಲ. ನಿಲ್ಲಿಸಲಾಗದವನಿಂದಲೇ ತುಂಬುವುದು. ಮೊಬೈಲ್ ಆಪ್‌ಗಳು ಮಾಡಿದ್ದೂ ಇದೇ. ದೊಡ್ಡ ದೊಡ್ಡ ಕ್ರಿಕೆಟಿಗರು, ನಟರು ಬಂದು ಆಡಿ ಆಡಿ ಅಂದು, ಕೊನೆಗೆ ಯಾರ ಕಿವಿಗೂ ಬೀಳದ ವೇಗದಲ್ಲಿ "ಚಟವಾಗಬಹುದು, ಜವಾಬ್ದಾರಿಯಿಂದ ಆಡಿ" ಅಂದರೆ ಮುಗಿಯಿತಾ?

ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಅನ್ನುವ ವಾದ ಒಂದಿದೆ. ರಮ್ಮಿಯಲ್ಲಿ ಮುಖ್ಯವಾಗಿರುವುದು ಕೌಶಲ ಅಂತ ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಕುದುರೆ ಪಂದ್ಯದ ಬಗ್ಗೆ 1996ರಲ್ಲಿ ಹಾಗೆಯೇ ಹೇಳಿತು. ಆನ್‌ಲೈನ್ ಆಟ ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ, 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟಿನಲ್ಲಿ ಬಿತ್ತು. ಅಲ್ಲೂ ಕೌಶಲದ ಮಾತೇ ದೊಡ್ಡದಾಗಿತ್ತು. ಅದು ಕಾನೂನಿನ ವಿಚಾರ, ಗೌರವದಿಂದಲೇ ಒಪ್ಪುತ್ತೇನೆ. ಆದರೆ ನೀತಿಯ ಮಾತಿಗೆ ಬಂದರೆ ಕೌಶಲ ಇದ್ದ ಮಾತ್ರಕ್ಕೆ ತಪ್ಪು ಕಮ್ಮಿಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಧರ್ಮರಾಯನಿಗೆ ದಾಳದ ಆಟ ಇಷ್ಟ, ಆದರೆ ಆಡಲು ಬರುವುದಿಲ್ಲ ಅಂತ ಗೊತ್ತಿದ್ದೇ ಶಕುನಿ ಅವನನ್ನು ಕರೆಸಿದ್ದು. ಬಾರದವನನ್ನು ಬಲ್ಲವನು ಕೂರಿಸಿಕೊಂಡು ದೋಚಿದರೆ ಅದು ಹೇಗೆ ಶುದ್ಧವಾಗುತ್ತದೆ?

ಸರ್ಕಾರಗಳದ್ದೂ ಒಂದು ಮಾತು ಹೇಳಬೇಕು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಕೂಲಿ ದುಡ್ಡೆಲ್ಲ ಲಾಟರಿ ಅಂಗಡಿಗೆ ಹೋಗುತ್ತಿದ್ದ ಕಾಲ ನೋಡಿದವರಿಗೆ ಅದರ ಬೆಲೆ ಗೊತ್ತು. ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. 2024ರ ಓಣಂ ಬಂಪರ್ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೇ ಬಂತು. ಅವರಿಗೆ ಒಳ್ಳೆಯದಾಗಲಿ. ಅದಾದ ಮೇಲೆ ನಮ್ಮ ಕಡೆಯವರು ಕೇರಳಕ್ಕೆ ಹೋಗುವವರ ಕೈಯಲ್ಲಿ 500 ರೂಪಾಯಿ ಕೊಟ್ಟು ಟಿಕೆಟ್ ತರಿಸುವುದನ್ನು ನೋಡಿದೆ. ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಸೋತವರ ಫೋಟೊ ಯಾರೂ ಹಾಕುವುದಿಲ್ಲ. ಕೇಂದ್ರವೂ ಕಮ್ಮಿಯೇನಲ್ಲ. 2023ರ ಅಕ್ಟೋಬರಿನಿಂದ ಆನ್‌ಲೈನ್ ಆಟಕ್ಕೆ ಹಾಕುವ ಪೂರ್ತಿ ದುಡ್ಡಿನ ಮೇಲೆ ಶೇ 28ರಷ್ಟು ಜಿಎಸ್‌ಟಿ ಹಾಕಿ, ಎರಡು ವರ್ಷದ ಹತ್ತಿರ ತನ್ನ ಪಾಲನ್ನೂ ತೆಗೆದುಕೊಂಡಿತು.

ಓದಿದವರ ಕಥೆ ಬೇರೆ ಅಂದುಕೊಳ್ಳಬೇಡಿ. ಷೇರು ಮಾರುಕಟ್ಟೆಯಲ್ಲಿ ಮುಂದೆ ಬೆಲೆ ಏರುತ್ತದೋ ಇಳಿಯುತ್ತದೋ ಅಂತ ದುಡ್ಡು ಹಾಕುವ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್) ಬಗ್ಗೆ, ಆ ಮಾರುಕಟ್ಟೆಯ ಮೇಲೆ ಕಣ್ಣಿಡುವ ಸಂಸ್ಥೆ ಸೆಬಿ 2024ರಲ್ಲಿ ವರದಿ ಕೊಟ್ಟಿತು. ಮೂರು ವರ್ಷದಲ್ಲಿ ಅಲ್ಲಿ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿದೆ. ಇದನ್ನು ಮಾತ್ರ ಯಾರೂ ಇಸ್ಪೀಟು ಅನ್ನುವುದಿಲ್ಲ. ಟೈ ಕಟ್ಟಿಕೊಂಡು ಆಡಿದರೂ ಹೆಂಡತಿಗೆ ಹೇಳದೆ ಆಡಿದ ದುಡ್ಡು ಅದೇ ದುಡ್ಡು.

ಹಾಗಂತ ದೀಪಾವಳಿಗೆ ಮನೆಮಂದಿ ಕೂತು ಪಗಡೆ ಆಡುವುದನ್ನು ಪಾಪ ಅನ್ನುವಷ್ಟು ಬಿಗಿ ನನಗಿಲ್ಲ. ಉತ್ತರ ಕರ್ನಾಟಕದವರು ಪಂಚಮಿ ಹಬ್ಬಕ್ಕೆ ನಿಂಬೆಹಣ್ಣು ಎಸೆದು ಪಂಥ ಕಟ್ಟುತ್ತಾರೆ, ನೋಡುವುದಕ್ಕೇ ಚೆಂದ. ಸೋತವನೂ ನಗುತ್ತಾ ಮನೆಗೆ ಹೋಗುತ್ತಾನೆ. ಮನೆಯಲ್ಲಿ ಯಾರ ತಟ್ಟೆಯೂ ಅದರಿಂದ ಖಾಲಿಯಾಗುವುದಿಲ್ಲ, ಪಕ್ಕದಲ್ಲಿ ಕೂತು ಪಾಲು ಎತ್ತುವವನೂ ಇರುವುದಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನನ್ನು ನಾನು ಮೆಚ್ಚಿದ್ದು, ಅದು ಆಡುವವನನ್ನು ಬಿಟ್ಟು ಆಡಿಸುವವನನ್ನು ಹಿಡಿಯುತ್ತದೆ ಅನ್ನುವ ಕಾರಣಕ್ಕೆ. ದುಡ್ಡಿನ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಆಡಿದವನಿಗೆ ಇಲ್ಲ. ಈಗ ಟೆಲಿಗ್ರಾಂನಲ್ಲಿ ಗುಂಪು ಕಟ್ಟಿ, ವಿದೇಶದ ಆಪ್ ಲಿಂಕ್ ಕಳಿಸುವವರು ಹುಟ್ಟಿಕೊಂಡಿದ್ದಾರೆ. ಊರಿನಲ್ಲಿ ಓಸಿ ಬರೆಯುವವನೂ ಹಾಗೇ ಇದ್ದಾನೆ, ಅವನ ಮನೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಮದುವೆ, ಗೃಹಪ್ರವೇಶಕ್ಕೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸುವವರೂ ನಾವೇ. ಅದನ್ನಾದರೂ ನಿಲ್ಲಿಸಬಹುದು.

ಮನೆಯಲ್ಲಿ ಇಂಥವರು ಇದ್ದು ದಾರಿ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದ ಚಟಕ್ಕೆಂದೇ ಶಟ್ ಕ್ಲಿನಿಕ್ ಅಂತ ಇದೆ. ನಮ್ಮ ಕೌಂಟರಿಗೆ ಬರುವ ಮೊದಲು ಅಲ್ಲಿಗೆ ಹೋಗಿ. ಒಡವೆ ಇಟ್ಟು ತೀರಿಸಿದ ಜೂಜಿನ ಸಾಲದಿಂದ ಆಟ ನಿಂತದ್ದನ್ನು ನಾನು ನೋಡಿಲ್ಲ.