ಹಳೆಯ ಪೆಟ್ಟಿಗೆಯ ಎಡಗೈ

ಐರ್ಲೆಂಡಿನವರು ಬಟನ್ ಅಕಾರ್ಡಿಯನ್ನನ್ನು ಸಲುಗೆಯಿಂದ ‘ಬಾಕ್ಸ್’ ಎಂದು ಕರೆಯುತ್ತಾರೆಂದು ತಿಳಿದ ದಿನವೇ ನನಗೆ ಆ ವಾದ್ಯದೊಂದಿಗೆ ಅರ್ಧ ನೆಂಟಸ್ತಿಕೆ ಕುದುರಿತು. ಹಾರ್ಮೋನಿಯಮ್ಮನ್ನು ಪೇಟಿ ಎನ್ನುವ, ಭಾಗವತರ ಬಳಿಯಲ್ಲಿ ಶ್ರುತಿಪೆಟ್ಟಿಗೆಯನ್ನಿಡುವ ನಾಡಿನಿಂದ ಬಂದವನಿಗೆ, ಗಾಳಿ ಕುಡಿದು ಹಾಡುವ ವಸ್ತುವನ್ನು ಪೆಟ್ಟಿಗೆ ಎನ್ನದೆ ಬೇರೇನೆನ್ನಬೇಕೆಂದೇ ತೋಚುವುದಿಲ್ಲ. ಈ ನೆಂಟಸ್ತಿಕೆಯ ಭರವಸೆಯ ಮೇಲೆಯೇ ನಾನು ಕ್ಲೇರ್ ಕೌಂಟಿಯ ಹಳ್ಳಿಯೊಂದಕ್ಕೆ, ಯಾರೋ ನುಡಿಸಿಬಿಟ್ಟ ಪೆಟ್ಟಿಗೆಯನ್ನು ಕೊಳ್ಳಲು ಹೋಗಿದ್ದೆ.

ಮನೆಯ ಯಜಮಾನರು ವಯಸ್ಸಾದವರು. ವಾದ್ಯ ಅವರ ತೀರಿಹೋದ ತಮ್ಮನದು. ಕೆಂಪು ಮುತ್ತಿನ ಹೊಳಪಿನ ಮೈ, ಬಲಗಡೆ ಎರಡು ಸಾಲಿನಲ್ಲಿ 23 ಬಟನ್ನು, ಎಡಗಡೆ ಬಾಸ್ ಎಂಬ ಮಂದ್ರದ ಬಟನ್ನು 8. ಹೊರಸಾಲಿನ ಶ್ರುತಿ ಬಿ, ಒಳಸಾಲಿನದು ಸಿ. ಆ ಹೊಳಪಿಗೆ ಮರುಳಾಗಬಾರದೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆನಾದರೂ ಎರಡು ನಿಮಿಷ ಮರುಳಾಗಿಯೇ ನಿಂತೆ. ಆಮೇಲೆ ತಿದಿಯ ಪಟ್ಟಿ ಬಿಚ್ಚಿ, ಯಾವ ಬಟನ್ನನ್ನೂ ಒತ್ತದೆ, ಬಲಭಾಗವನ್ನು ಹಿಡಿದು ಎಡಭಾಗವನ್ನು ಕೆಳಗೆ ಇಳಿಬಿಟ್ಟೆ. ಗಾಳಿ ಸೋರುವ ತಿದಿಯಾದರೆ ಹಗ್ಗ ಕಡಿದ ಕೊಡ ಬಾವಿಗೆ ಬಿದ್ದಂತೆ ದಡಕ್ಕನೆ ಇಳಿಯುತ್ತದೆ. ಇದು ತೂಕಡಿಸುವವರ ತಲೆಯಂತೆ ನಿಧಾನವಾಗಿ ಇಳಿಯಿತು.

ಇನ್ನು ರೀಡು. ತೆಳುವಾದ ಲೋಹದ ನಾಲಿಗೆಯೊಂದು ಒಂದು ತುದಿಯಲ್ಲಿ ಮಾತ್ರ ತಗಡಿಗೆ ರಿವೆಟ್ಟಿನಿಂದ ಅಂಟಿಕೊಂಡು, ತನ್ನಷ್ಟೇ ಅಗಲದ ಸೀಳಿನ ಮೇಲೆ ಗಾಳಿಗೆ ಅದುರುವುದೇ ಈ ಕುಲದ ವಾದ್ಯಗಳೆಲ್ಲದರ ಗುಟ್ಟು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್ನಿಗೆ ಪೇಟೆಂಟ್ ಪಡೆದದ್ದೂ, ನಮ್ಮ ಪೇಟಿ ಹಾಡುವುದೂ ಈ ಗುಟ್ಟಿನ ಮೇಲೆಯೇ. ನಮ್ಮಲ್ಲಿ ನಾಲಿಗೆ ಹಿತ್ತಾಳೆಯದು, ಗಾಳಿ ಹರಿಯುವುದು ಒಂದೇ ದಿಕ್ಕಿಗೆ. ಇಲ್ಲಿ ಒಂದು ತಗಡಿನ ಎರಡು ಮುಖಗಳಲ್ಲಿ ಎರಡು ಉಕ್ಕಿನ ನಾಲಿಗೆಗಳಿದ್ದು, ತಿದಿ ಒತ್ತಿದಾಗ ಒಂದು, ಎಳೆದಾಗ ಇನ್ನೊಂದು ನುಡಿಯುತ್ತದೆ. ಸರದಿ ಇಲ್ಲದ ನಾಲಿಗೆಯ ಬಾಯಿಯನ್ನು ಸಣ್ಣ ಚರ್ಮದ ಪಟ್ಟಿ ಮುಚ್ಚುತ್ತದೆ. ಒಳಸಾಲಿನ ಒಂದು ಬಟನ್ನನ್ನು ಹಿಡಿದು ತಿದಿ ಒತ್ತಿದರೆ ಸಿ, ಎಳೆದರೆ ಡಿ. ಪ್ರತಿ ಸ್ವರಕ್ಕೂ ಜೋಡಿ ರೀಡುಗಳಿರುವುದರಿಂದ ಬಲಗೈಯೊಂದರಲ್ಲೇ 92 ನಾಲಿಗೆಗಳಾದವು. ಒಂದು ಹಾಡು ನುಡಿಸಿ ‘ಚೆನ್ನಾಗಿದೆ’ ಎಂದವನು ಅವುಗಳಲ್ಲಿ ಮೂವತ್ತನ್ನೂ ವಿಚಾರಿಸಿಕೊಂಡಿರುವುದಿಲ್ಲ.

ನಾನು ಒಂದೊಂದನ್ನೇ ಎರಡೂ ಉಸಿರಿನಲ್ಲಿ ಕೇಳುತ್ತ ಹೋದೆ. ಸ್ವರಕ್ಕೆ ಮುಂಚೆ ‘ಪಟ್’ ಎಂದರೆ ಚರ್ಮದ ಪಟ್ಟಿ ಒಣಗಿದ ವೀಳ್ಯದೆಲೆಯಂತೆ ಮುರುಟಿದೆ ಎಂದರ್ಥ. ಝುಂಯ್ ಎಂದರೆ ನಾಲಿಗೆಯ ಅಂಚು ತಗಡಿಗೆ ತಾಗುತ್ತಿದೆ, ಇಲ್ಲವೇ ದೂಳಿನ ಎಳೆ ಸಿಕ್ಕಿದೆ. ಜೋಡಿ ರೀಡುಗಳಲ್ಲಿ ಒಂದು ಸೆಕೆಂಡಿಗೆ 440 ಕಂಪನಕ್ಕೂ ಇನ್ನೊಂದು 444ಕ್ಕೂ ನಿಂತಿದ್ದರೆ ಸ್ವರ ಸೆಕೆಂಡಿಗೆ ನಾಲ್ಕು ಸಲ ತುಳುಕುತ್ತದೆ. ಎಷ್ಟು ತುಳುಕಬೇಕೆಂಬುದು ಅವರವರ ರುಚಿ. ಪಕ್ಕಪಕ್ಕದ ಬಟನ್ನುಗಳಲ್ಲಿ ಒಂದು ತುಳುಕಿ ಮತ್ತೊಂದು ತೊದಲಿದರೆ ಮಾತ್ರ ಅದು ದೋಷ. ಶ್ರುತಿ ತಿದ್ದುವುದು ಅರದಿಂದ: ನಾಲಿಗೆಯ ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಉಜ್ಜಿದ ಉಕ್ಕು ಮರಳಿ ಬಾರದಾದ್ದರಿಂದ, ಮತ್ತೆ ಮತ್ತೆ ಶ್ರುತಿ ಮಾಡಿಸಿದ ಪೆಟ್ಟಿಗೆ ಸಾಣೆ ಹಿಡಿದು ಹಿಡಿದು ಸವೆದ ಈಳಿಗೆಯಂತಾಗಿರುತ್ತದೆ.

ಬಾಸ್ ಎಂಬ ಮಾತು ನನ್ನನ್ನು ಮೊದಲಿನಿಂದಲೂ ಗೊಂದಲಕ್ಕೆ ದೂಡಿತ್ತು. ನಮ್ಮ ಪೇಟಿಯ ಅಂಗಡಿಯಲ್ಲಿ ‘ಬಾಸ್-ಮೇಲ್’ ಎಂದರೆ ಎರಡು ಸಾಲು ರೀಡುಗಳು, ಅವುಗಳಲ್ಲಿ ಬಾಸ್ ಮಂದ್ರದ ಸಾಲು. ಇಲ್ಲಿ ಅದು ಎಡಗೈಯ ಪ್ರತ್ಯೇಕ ಸಂಸಾರ. ದೊಡ್ಡ ಅಕಾರ್ಡಿಯನ್ನುಗಳಲ್ಲಿ ಅದು 120 ಬಟನ್ನುಗಳ ಒಟ್ಟುಕುಟುಂಬ. ಇದರಲ್ಲಿ ಎಂಟೇ, ನಾಲ್ಕು ಒಂಟಿ ಮಂದ್ರಗಳು ಮತ್ತು ನಾಲ್ಕು ಸ್ವರಗುಚ್ಛಗಳು. ಹಲವರು ನುಡಿಸುವಾಗ ಎಡಗೈಯನ್ನು ತಿದಿ ಎಳೆಯಲಷ್ಟೇ ಬಳಸುತ್ತಾರೆ, ಕೊಳ್ಳುವವರೂ ಅಲ್ಲಿಗೆ ಬರುವ ಹೊತ್ತಿಗೆ ಬೆಲೆಯ ಮಾತಿಗೆ ಇಳಿದಿರುತ್ತಾರೆ. ಮಂದ್ರಗಳು ದಪ್ಪ ನಾಲಿಗೆಯವಾದ್ದರಿಂದ ಸ್ವಲ್ಪ ತಡವಾಗಿ ನುಡಿದವು, ಅದನ್ನು ಕ್ಷಮಿಸಬಹುದು. ಸ್ವರಗುಚ್ಛಗಳು ಮಾತ್ರ ಎರಡೂ ದಿಕ್ಕಿನಲ್ಲಿ ಪೊಳ್ಳಾಗಿ ಕೇಳಿಸಿದವು. ಷಡ್ಜವಿತ್ತು, ಪಂಚಮವಿತ್ತು, ನಡುವೆ ಇರಬೇಕಾದ ಗಾಂಧಾರವೇ ಇರಲಿಲ್ಲ. ತುಕ್ಕು ಹಿಡಿದಿರಬೇಕೆಂದು ಲೆಕ್ಕ ಹಾಕಿ, ಮನಸ್ಸಿನಲ್ಲಿಯೇ ನೂರು ಯೂರೋ ಇಳಿಸಿದೆ.

ತೆರೆದು ನೋಡಬಹುದೇ ಎಂದು ಕೇಳಿದಾಗ ಯಜಮಾನರು ಮರುಮಾತಿಲ್ಲದೆ ಇಕ್ಕಳ ತಂದುಕೊಟ್ಟರು. (ತೆರೆಯಲು ಒಪ್ಪದವರಿಂದ ಕೊಳ್ಳದಿರುವುದೇ ಲೇಸು.) ತಿದಿಯ ಸುತ್ತಲಿನ ಪಿನ್ನುಗಳನ್ನು ಕಿತ್ತು ಎಡಭಾಗವನ್ನು ಬೇರ್ಪಡಿಸಿದಾಗ ಜೇನುಮೇಣದ, ರಾಳದ, ಹಳೆಯ ಹೊಗೆಯ ವಾಸನೆ ಒಟ್ಟಿಗೇ ಬಂತು. ತಗಡುಗಳನ್ನು ಮರಕ್ಕೆ ಹಿಡಿದಿಟ್ಟಿದ್ದ ಮೇಣದ ಮೇಲೆ ಉಗುರಿಟ್ಟೆ. ಚಕ್ಕೆಯೇಳದೆ ಗುರುತು ಬಿತ್ತು. ನಾಲಿಗೆಗಳಲ್ಲಿ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಗಾಂಧಾರದ ತಗಡುಗಳ ಮೇಲೆ ಮಾತ್ರ, ಅಳತೆಗೆ ಸರಿಯಾಗಿ ಕತ್ತರಿಸಿದ ಕಂದು ಕಾಗದದ ಪಟ್ಟಿಗಳನ್ನು ಯಾರೋ ಒತ್ತಿ ಅಂಟಿಸಿದ್ದರು.

ಆಗ ನನಗೆ ಹೊಳೆಯಿತು. ಗಾಂಧಾರವಿದ್ದರೆ ಗುಚ್ಛ ಪಾಶ್ಚಾತ್ಯ ಸಂಗೀತದ ಎರಡು ಜಾತಿಗಳಲ್ಲಿ ಮೇಜರ್ ಎಂದೋ ಮೈನರ್ ಎಂದೋ ನಿರ್ಧಾರವಾಗಿಬಿಡುತ್ತದೆ. ಬಲಗೈಯ ಹಾಡು ಬೇರೆ ಜಾತಿಯದಾದರೆ ಎಡಗೈ ಅದರೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಗಾಂಧಾರದ ಬಾಯಿ ಮುಚ್ಚಿಸಿದರೆ ಷಡ್ಜ ಪಂಚಮಗಳು ಎರಡಕ್ಕೂ ಹೊಂದಿಕೊಂಡು ಹೋಗುತ್ತವೆ. ನಮ್ಮ ತಂಬೂರಿ ದಿನವೂ ಮಾಡುವ ಕೆಲಸವನ್ನು ಈ ಮನುಷ್ಯ ಕಾಗದ, ಅಂಟುಗಳಿಂದ ಮಾಡಿಕೊಂಡಿದ್ದ. ಎಡಗೈಯನ್ನು ಅಲಕ್ಷಿಸಿದವನು ಹೀಗೆ ಮಾಡುವುದಿಲ್ಲ.

ಯಜಮಾನರು ಬಗ್ಗಿ ನೋಡಿ, ತೀರಿಹೋದ ತಮ್ಮನು ಒಂದು ಚಳಿಗಾಲದಲ್ಲಿ ಇದೇ ಮೇಜಿನ ಮುಂದೆ ಕತ್ತರಿ ಹಿಡಿದು ಕುಳಿತದ್ದನ್ನು ನೆನೆದರು. ಕೇಳಿದಷ್ಟು ಹಣ ಕೊಟ್ಟೆ. ರಿಪೇರಿಯವನ ಬಳಿ ಮುರುಟಿದ ಚರ್ಮಗಳನ್ನೆಲ್ಲ ಬದಲಾಯಿಸಲು ಹೇಳಿ, ಆ ಕಾಗದಗಳನ್ನು ಮುಟ್ಟಬೇಡವೆಂದು ಎರಡು ಸಲ ಹೇಳಿದೆ.